ಗಾಳಿಯಲ್ಲಿ ಬಿಗಿದ ಬೋಲ್ಟು

ಮನೆಯ ಹಿಂದಿನ ಶೆಡ್ಡು,
ಮಂಗಳವಾರ ಬೆಳಿಗ್ಗೆ, ಹದಿನೇಳನೇ ತಾರೀಕು

ಪ್ರೀತಿಯ ಮಗಳೇ,

ಹೇಗಿದ್ದೀ? ಅಕ್ಕನ ಮನೆಯಲ್ಲಿ ನಿದ್ದೆ ಸರಿಯಾಗಿ ಬರುತ್ತಿದೆಯೇ? ಕೂಸಿಗೆ ಹಲ್ಲು ಬರುವ ಹೊತ್ತು, ಮನೆಯವರಿಗೆಲ್ಲ ಜಾಗರಣೆಯೇ ಇರಬೇಕು. ಜೀಪಿನ ಹೊಸ ಸ್ಪ್ರಿಂಗ್ ಎತ್ತುವಾಗ ಉಳುಕಿದ ನಿನ್ನ ಎಡಗೈ ಮಣಿಕಟ್ಟು ಹೇಗಿದೆ? ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ನಿನ್ನಮ್ಮ ಕ್ಷೇಮ. ನಾನೂ ಕ್ಷೇಮವೇ, ಆದರೆ ನೀನು ಚೀಲ ಹೆಗಲಿಗೇರಿಸಿ ಹೋದಂದಿನಿಂದ ಅವಳು ನನ್ನೊಡನೆ ನೇರವಾಗಿ ಮಾತಾಡುವುದನ್ನು ಬಿಟ್ಟಿದ್ದಾಳೆ. ಅಡುಗೆಮನೆಯ ಗೋಡೆಗೆ "ಊಟಕ್ಕೆ ಬಡಿಸಿದೆ ಅಂತ ಹೇಳು" ಎನ್ನುತ್ತಾಳೆ. ಗೋಡೆ ಹೇಳದಿದ್ದರೂ ನಾನು ಹೋಗಿ ತಿನ್ನುತ್ತೇನೆ. ಫೋನ್ ಮಾಡಬಹುದಿತ್ತಲ್ಲ ಎಂದು ನೀನು ಕೇಳಬಹುದು. ಫೋನಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ, ನಿನಗೆ ಗೊತ್ತೇ ಇದೆ. ಎರಡು ಮಾತಿಗೆ ದನಿ ಏರುತ್ತದೆ, ಮೂರನೆಯದಕ್ಕೆ ತಪ್ಪು ನಿನ್ನದೇ ಆಗಿಬಿಡುತ್ತದೆ. ಅದಕ್ಕಿಂತ ಕಾಗದ ವಾಸಿ, ಅದರ ಮೇಲೆ ರೇಗಿ ಪ್ರಯೋಜನವಿಲ್ಲ.

ಎರಡು ವಾರದ ಹಿಂದಿನ ಆ ಶನಿವಾರಕ್ಕೇ ಬರುತ್ತೇನೆ. ಸುತ್ತಿ ಬಳಸಿ ಬರೆದರೆ ನನಗೆ ನಾನೇ ನೆಪ ಹುಡುಕಿಕೊಡುತ್ತೇನೆ. ನೀನು ರಜೆಯ ದಿನಗಳನ್ನೆಲ್ಲ ಜೀಪಿನ ಕೆಳಗೆ ಮಲಗಿ ಕಳೆದು, ಹಳೆಯ ಸ್ಪ್ರಿಂಗುಗಳನ್ನು ಕಳಚಿ, ನಾಲ್ಕು ಬೆರಳು ಎತ್ತರ ಕೊಡುವ ಹೊಸವುಗಳನ್ನು ಕೂರಿಸಿದ್ದೆ. ಇದು ಜೀಪಲ್ಲ ಒಂಟೆ, ಏಣಿ ಹಾಕಿಕೊಂಡು ಹತ್ತಬೇಕು ಎಂದು ನಾನು ಗೇಲಿ ಮಾಡುತ್ತಲೇ ಇದ್ದೆ. ಒಳಗೊಳಗೆ ತಪ್ಪು ಹುಡುಕುತ್ತಿದ್ದೆ, ಒಂದೂ ಸಿಗಲಿಲ್ಲ, ಅದೇ ನನಗೆ ಇರಿಸುಮುರಿಸು. ಉಳಿದದ್ದು ಮುಂದಿನ ದಪ್ಪ ಬಂಪರು ಮತ್ತು ಅದರೊಳಗೆ ಕೂರುವ, ಸಿಕ್ಕಿಬಿದ್ದ ಗಾಡಿಗಳನ್ನು ಹಗ್ಗ ಸುತ್ತಿ ಎಳೆಯುವ ವಿಂಚು. ಅಷ್ಟರಲ್ಲಿ ನಿನ್ನ ಔಷಧದಂಗಡಿಯಿಂದ ಕರೆ ಬಂತು, ಇನ್ನೊಬ್ಬಳಿಗೆ ಜ್ವರ, ನೀನೇ ಬರಬೇಕು ಎಂದು. ಮರುದಿನ ಬೆಳಿಗ್ಗೆಯೇ ನೀನು ಸೇರಬೇಕೆಂದಿದ್ದ ರಕ್ಷಣಾ ತಂಡದ ಪರೀಕ್ಷೆ. ನೀನು ಕೈ ಒರೆಸಿಕೊಳ್ಳುತ್ತಾ "ಅಪ್ಪಾ, ಬಂಪರ್ ಹಾಕು, ವಿಂಚ್ ಕೂರಿಸು, ಗಾಡೀನ ನೆಲಕ್ಕೆ ಇಳಿಸಿ ಕುಲುಕಿಸು. ಸ್ಪ್ರಿಂಗಿನ ಬೋಲ್ಟು ಆಮೇಲೆ ಬಿಗಿ ಮಾಡು, ಮೊದಲೇ ಬೇಡ" ಎಂದೆ. ಬಾಗಿಲ ತನಕ ಹೋದವಳು ತಿರುಗಿ ಬಂದು ಮತ್ತೆ ಅದನ್ನೇ ಅಂದೆ. ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ನೀನು ಹೋದ ಸ್ವಲ್ಪ ಹೊತ್ತಿಗೆ ಬಸ್ ಡಿಪೋದಲ್ಲಿ ನಾನು ಮೇಸ್ತ್ರಿಯಾಗಿದ್ದಾಗ ಜೊತೆಗಿದ್ದ ಮೀಸೆ ಡ್ರೈವರ್ ಬಂದ. ಜೀಪು ಇನ್ನೂ ಕಬ್ಬಿಣದ ಸ್ಟ್ಯಾಂಡುಗಳ ಮೇಲಿತ್ತು, ನಾಲ್ಕು ಚಕ್ರಗಳೂ ಗಾಳಿಯಲ್ಲಿ ನೇತಾಡುತ್ತಿದ್ದವು. ಅವನು ಬಗ್ಗಿ ಒಂದು ಬೋಲ್ಟನ್ನು ಎರಡೇ ಬೆರಳಲ್ಲಿ ತಿರುಗಿಸಿ, "ಏನಯ್ಯಾ, ನಿನ್ನ ಮಗಳು ಬಿಗಿ ಮಾಡೋದನ್ನೇ ಮರ್ತಿದಾಳೆ! ಮೇಸ್ತ್ರಿ ಮಗಳಂತೆ ಮೇಸ್ತ್ರಿ ಮಗಳು!" ಎಂದು ನಕ್ಕ. ನೀನು ಹೇಳಿದ್ದನ್ನು ಅವನಿಗೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಗಳು ಬೇಡ ಅಂದಿದ್ದಾಳೆ, ಅದಕ್ಕೇ ಬಿಟ್ಟಿದ್ದೇನೆ ಎನ್ನಲು ನನಗೆ ನಾಲಿಗೆಯೇ ಏಳಲಿಲ್ಲ. ಉದ್ದ ಹಿಡಿಕೆಯ ಸ್ಪ್ಯಾನರ್ ಹಿಡಿದು ಕೆಳಗೆ ಜಾರಿದವನು ಎಲ್ಲ ಬೋಲ್ಟುಗಳನ್ನೂ ಕಿರ್ ಎನ್ನುವ ತನಕ ಬಿಗಿದೆ. ಎದ್ದು ಬಂದು "ಇನ್ನು ಬಿಚ್ಚೋಕೆ ಆನೆ ಬರಬೇಕು" ಎಂದು ಕೊಚ್ಚಿಕೊಂಡೆ ಕೂಡ. ಆಮೇಲೆ ಇಬ್ಬರೂ ಸೇರಿ ಬಂಪರು, ವಿಂಚು ಕೂರಿಸಿ ಗಾಡಿ ಇಳಿಸಿದೆವು. ನೀನು ಕೆಲಸದಿಂದ ಬಂದು "ಇಳಿಸಿದ ಮೇಲೆ ತಾನೇ ಬಿಗಿ ಮಾಡಿದ್ದು?" ಎಂದಾಗ "ಮತ್ತೆ? ನಂಗೇ ಪಾಠನಾ?" ಎಂದು ರೇಗಿದೆ. ಅದು ಮೊದಲನೆಯ ಸುಳ್ಳು.

ಹಾಗೆ ಯಾಕೆ ಬಿಗಿಯಬಾರದು ಎಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ, ಮಗಳೇ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ. ಡಿಪೋದಲ್ಲಿ ಬಸ್ಸುಗಳು ಗುಂಡಿಯ ಮೇಲೆ ತಮ್ಮ ಚಕ್ರಗಳಲ್ಲೇ ನಿಂತಿರುತ್ತಿದ್ದವು, ನಾವು ಗುಂಡಿಗೆ ಇಳಿದು ಕೆಳಗಿನಿಂದ ಕೈ ಹಾಕುತ್ತಿದ್ದೆವು. ಗಾಡಿಯ ಭಾರ ಸದಾ ಸ್ಪ್ರಿಂಗಿನ ಮೇಲೆ ಇದ್ದೇ ಇರುತ್ತಿತ್ತು. ಹಾಗಾಗಿ ಇಡೀ ನೌಕರಿಯಲ್ಲಿ ಸರಿಯಾಗಿಯೇ ಬಿಗಿದೆ, ಯಾಕೆ ಸರಿ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಚಕ್ರ ನೇತಾಡುವಾಗ ಬಿಗಿದರೆ ಬೋಲ್ಟಿನ ಸುತ್ತಲಿನ ರಬ್ಬರು ಅದೇ ಭಂಗಿಯಲ್ಲಿ ಕಚ್ಚಿಕೊಳ್ಳುತ್ತದೆ, ನೆಲಕ್ಕೆ ಇಳಿಸಿದ ಕೂಡಲೇ ತಿರುಚಿಕೊಳ್ಳುತ್ತದೆ, ಕಲ್ಲುದಾರಿಯಲ್ಲಿ ಹರಿದೇ ಹೋಗುತ್ತದೆ. ಇದು ನನಗೆ ಹರಿದ ರಬ್ಬರನ್ನು ಕೈಯಲ್ಲಿ ಹಿಡಿದಾಗ ತಿಳಿಯಿತು. ಇಷ್ಟು ವರ್ಷ ಆ ಗುಂಡಿಯ ಜಾಣತನವನ್ನು ನನ್ನದೇ ಎಂದುಕೊಂಡು ಮೆರೆದಿದ್ದೆ.

ಇನ್ನು ಭಾನುವಾರ. ಹಳೆಯ ಕಲ್ಲುಗಣಿಯ ಬಾಯಲ್ಲಿ ತಂಡದವರು ನಿನ್ನ ಜೀಪನ್ನು ಸುತ್ತುವರಿದು, ಯಾರ ಕೈಕೆಲಸ ಇದು ಎಂದು ಮೆಚ್ಚಿ ಕೇಳಿದಾಗ ನೀನು ಹಗ್ಗ ಬಿಚ್ಚುತ್ತಾ ದೂರ ಇದ್ದೆ. ನಾನು "ನಂದೇ ಅನ್ನಿ" ಎಂದೆ. ನಿನಗೆ ಇದು ಕೇಳಿಸಿರಲಿಲ್ಲ, ಈಗ ತಿಳಿದುಕೋ. ಆಮೇಲೆ ನೀನು ಕೆಸರಲ್ಲಿ ಹೂತ ಲಾರಿಯನ್ನು ವಿಂಚಿನಿಂದ ಎಳೆದದ್ದು ಎಷ್ಟು ಚೆನ್ನಾಗಿತ್ತೆಂದರೆ, ನಾನು ನನಗೇ ತಿಳಿಯದೆ ಚಪ್ಪಾಳೆ ತಟ್ಟಿಬಿಟ್ಟಿದ್ದೆ. ಕಲ್ಲಿನ ಏರು ಹತ್ತುವಾಗ ಜೀಪು ನರಳಲು ಶುರುವಾಯಿತು. ಇಳಿದು ಬಂದಾಗ ಒಂದು ಮಗ್ಗುಲಿಗೆ ವಾಲಿತ್ತು, ರಬ್ಬರು ನಾಲಿಗೆಯ ಹಾಗೆ ಜೋತಾಡುತ್ತಿತ್ತು. ತಂಡದ ನಾಯಕಿ ಕೆಳಗೆ ಟಾರ್ಚು ಬಿಟ್ಟು ನೋಡಿ, "ಇದನ್ನ ಗಾಳಿಯಲ್ಲೇ ಬಿಗಿದಿದಾರೆ. ಯಾರು ಬಿಗಿದಿದ್ದು?" ಎಂದರು. ಅವರು ನನ್ನ ಕಡೆ ನೋಡಿಯೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಒಬ್ಬನೇ ಮುಂದೆ ಬಂದು "ಗಾಡಿ ಅವಳದು, ಕೆಲಸವೂ ಅವಳದೇ, ನಾನು ಮುಟ್ಟೇ ಇಲ್ಲ" ಎಂದೆ. ನೀನು ನನ್ನನ್ನು ನೋಡಿದೆ. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕನಿಕರದಿಂದ ನೋಡಿದೆ, ಆಮೇಲೆ ಅವರ ಕಡೆ ತಿರುಗಿ "ಹೌದು, ನಾನೇ ಬಿಗಿದಿದ್ದು" ಎಂದೆ. ಅಷ್ಟೇ. ನಿನ್ನನ್ನು ತಂಡಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅವರು ಅಲ್ಲೇ ಹೇಳಿದರು.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ನನ್ನದು ಅದಕ್ಕಿಂತ ಕೀಳು. ನಾನು ಬಿದ್ದು ಮಣ್ಣನ್ನು ನಿನ್ನ ಮುಖಕ್ಕೆ ಮೆತ್ತಿದೆ. ಶಾಲೆಗೆ ಹೋಗುವಾಗ ನಿಮ್ಮ ಬಸ್ಸು ನೆರೆನೀರಿಗೆ ಸಿಕ್ಕಿ, ಇದೇ ತಂಡದವರು ಎಳೆದು ಹಾಕಿದ ದಿನದಿಂದ ನೀನು ಆ ತಂಡ ಸೇರಬೇಕೆಂದು ಹಂಬಲಿಸಿದ್ದು ನನಗೆ ಗೊತ್ತಿಲ್ಲವೇ? ಒದ್ದೆ ಯೂನಿಫಾರ್ಮಿನಲ್ಲಿ ಮನೆಗೆ ಬಂದವಳು ಹೆದರಿದ್ದೆ ಎನ್ನಲಿಲ್ಲ, "ಅಪ್ಪಾ, ಆ ಹಗ್ಗ ಸುತ್ತೋ ಮಿಷನ್ನಿಗೆ ಏನಂತಾರೆ?" ಎಂದು ಕೇಳಿದ್ದೆ. ವಿಂಚು ಎಂದು ಹೇಳಿಕೊಟ್ಟವನೇ ನಾನು. ನಾಚಿಕೆಯಾಗುತ್ತಿದೆ ಮಗಳೇ. ಕನ್ನಡಿ ನೋಡಿಕೊಂಡು ಗಡ್ಡ ಹೆರೆಯಲು ಮನಸ್ಸಿಲ್ಲದೆ ಹಾಗೇ ಬಿಟ್ಟಿದ್ದೇನೆ. ನಿನ್ನಮ್ಮನಿಗೆ ನಿನ್ನೆ ಎಲ್ಲ ಹೇಳಿದೆ. ಅವಳು ಮೊದಲ ಬಾರಿಗೆ ಗೋಡೆಯನ್ನು ಬಿಟ್ಟು ನನ್ನ ಕಡೆ ತಿರುಗಿ, "ನಂಗೆ ಹೇಳಿದ್ರೆ ಏನು ಬಂತು? ಹೇಳಬೇಕಾದ ಕಡೆ ಹೇಳಿ" ಎಂದಳು, ಮತ್ತೆ ಗೋಡೆಗೆ ತಿರುಗಿದಳು.

ಆದ್ದರಿಂದ ಇವತ್ತು ಹೋಗುತ್ತಿದ್ದೇನೆ. ಮಧ್ಯಾಹ್ನ ತಂಡದವರೆಲ್ಲ ಗಾಡಿ ತೊಳೆಯಲು ಸೇರುತ್ತಾರಂತೆ. ಮೀಸೆ ಡ್ರೈವರನ್ನೂ ಜೊತೆಗೆ ಕರೆದಿದ್ದೇನೆ, ಅವನಿಲ್ಲದಿದ್ದರೆ ಅರ್ಧ ಹೇಳಿ ಅರ್ಧ ನುಂಗುತ್ತೇನೆ ಎಂಬ ಭಯ. ಈ ಕಾಗದ ಜೇಬಿನಲ್ಲಿರುತ್ತದೆ, ಹೇಳಿದ ಮೇಲೆಯೇ ಅಂಚೆಗೆ ಹಾಕುವುದು. ಹೇಳಲು ಧೈರ್ಯ ಬರದಿದ್ದರೆ ಇದೂ ನಿನಗೆ ತಲುಪುವುದಿಲ್ಲ. ಜೀಪಿಗೆ ಹೊಸ ರಬ್ಬರು ಹಾಕಿದ್ದೇನೆ. ಈ ಸಲ ನೆಲಕ್ಕೆ ಇಳಿಸಿ, ಕುಲುಕಿಸಿ, ಆಮೇಲೆ ಬಿಗಿದೆ. ನಂಬಿಕೆ ಇಲ್ಲದಿದ್ದರೆ ಬಿಚ್ಚಿ ನೋಡು, ಬೇಜಾರಿಲ್ಲ.

ಅಕ್ಕನಿಗೂ ಭಾವನಿಗೂ ಕೇಳಿದೆ ಎಂದು ಹೇಳು. ಕೂಸಿನ ಎರಡು ಕೆನ್ನೆಗೂ ನನ್ನ ಮುತ್ತು, ಗಡ್ಡ ಚುಚ್ಚದ ಹಾಗೆ. ನೀನು ಎಲ್ಲಿದ್ದರೂ ಚೆನ್ನಾಗಿರು, ನಿನಗೆ ಒಳ್ಳೆಯದಾಗಲಿ. ಇದನ್ನು ಹೇಳುವ ಯೋಗ್ಯತೆ ಸದ್ಯ ನನಗಿಲ್ಲ, ಆದರೂ ಅಪ್ಪನಲ್ಲವೇ, ಹೇಳುತ್ತೇನೆ.

ಇಂತಿ,
ನಿನ್ನ ಅಪ್ಪ

ತಾ.ಕ.: ಅಂಚೆ ಕಚೇರಿಯ ಕಿಟಕಿ ಮುಚ್ಚುವ ಹೊತ್ತಾಯಿತು, ನಿಂತುಕೊಂಡೇ ಗೀಚುತ್ತಿದ್ದೇನೆ. ಹೇಳಿದೆ. ಎಲ್ಲರೆದುರೂ, ಪೂರ್ತಿ. ನಾಯಕಿ ಕೇಳಿಸಿಕೊಂಡು "ಬೆಳಿಗ್ಗೆ ಕೈಕೆಲಸ ನಂದೇ ಅಂದವರು ನೀವೇ ಅಲ್ವಾ? ನಂಗೆ ಅವತ್ತೇ ಗೊತ್ತಿತ್ತು" ಎಂದರು. ಮತ್ತೆ ಅವಳನ್ನು ಯಾಕೆ ತಂಡಕ್ಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿದೆ. "ಬೋಲ್ಟಿಗಲ್ಲ. ನಿಮ್ಮ ತಪ್ಪನ್ನ ತನ್ನದು ಅಂದಳಲ್ಲ, ಅದಕ್ಕೆ. ನಮ್ಮ ಕೆಲಸದಲ್ಲಿ ಯಾರು ತಪ್ಪು ಮಾಡಿದ್ರು ಅಂತ ಆ ಕ್ಷಣಾನೇ ಬಾಯಿ ಬಿಟ್ಟು ಹೇಳಬೇಕು. ದಾಕ್ಷಿಣ್ಯ ನೋಡ್ಕೊಂಡು ಸುಮ್ನಿದ್ರೆ ಜನ ಸಾಯ್ತಾರೆ" ಎಂದರು. ನೀನು ಕಳೆದುಕೊಂಡದ್ದು ನನ್ನ ಮಾನ ಉಳಿಸಲು ಹೋಗಿ, ಮಗಳೇ. ನಾನು ಒಪ್ಪಿಕೊಂಡರೆ ಸಾಲದಂತೆ. ಬರುವ ಭಾನುವಾರ ನೀನೇ ಬಂದು, ತಂಡದವರೆಲ್ಲರ ಮುಂದೆ, ನನ್ನೆದುರಿಗೇ "ನಮ್ಮಪ್ಪ ತಪ್ಪು ಮಾಡಿದ, ಸುಳ್ಳೂ ಹೇಳಿದ" ಎನ್ನಬೇಕಂತೆ. ಹಾಗೆ ಹೇಳಿದರೆ ಮತ್ತೊಮ್ಮೆ ಪರೀಕ್ಷೆಗೆ ಕೂರಿಸುತ್ತಾರೆ. ಶನಿವಾರವೇ ಹೊರಟು ಬಾ. ನಾನು ಎಲ್ಲರಿಗಿಂತ ಮುಂದೆ ನಿಂತಿರುತ್ತೇನೆ. ಜೋರಾಗಿ ಹೇಳು. ನನ್ನ ಮುಖ ನೋಡಿ ಮಾತ್ರ ಸುಮ್ಮನಾಗಬೇಡ.