ಖಲಬತ್ತಿಗೆ ಹಚ್ಚಿದ ಸಿಂಧೂರ

ಸಾಂಗಲಿ
೧೮ ಜುಲೈ ೨೦೨೪

ಚಿ. ಸೌ. ಕಾಂಚನಳಿಗೆ ನಿನ್ನ ಅಪ್ಪನ ಅನೇಕ ಆಶೀರ್ವಾದಗಳು.

ನೀನು ಫೋನಿನಲ್ಲಿ ಆ ಮಾತು ಕೇಳಿ ಎಂಟು ದಿನವಾಯಿತು. ಉತ್ತರ ತಡವಾಯಿತು, ಬೈಯಬೇಡ. ಇಲ್ಲಿಂದ ಮಿರಜಕ್ಕೆ ಬಸ್ಸು ಹತ್ತಿದರೆ ಅರ್ಧ ತಾಸು. ಆದರೆ ಆಸ್ಪತ್ರೆಯಲ್ಲಿ ನಿನ್ನೆದುರು ಕುಳಿತು ಹೇಳುವ ಧೈರ್ಯ ನನಗಿಲ್ಲ. ಫೋನಿನಲ್ಲಿ ನೀನು ಅತ್ತರೆ ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ. ಕನ್ನಡ ಓದಿ ನಿನಗೆ ಬಹಳ ವರ್ಷವಾಯಿತಲ್ಲ, ಅದಕ್ಕೇ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ.

ಸುಮನ ಹೇಗಿದ್ದಾಳೆ? ನಿನ್ನೆಯಿಂದ ಫಿಟ್ಸ್ ಬಂದಿಲ್ಲವೆಂದು ನಿಮ್ಮವ್ವ ಹೇಳಿದಳು. ರಕ್ತದಲ್ಲಿ ಸೀಸ ಸೇರಿದೆ, ತಲೆಗೂ ಏರಿದೆ, ಮಾತು ಮೊದಲಿನಂತೆ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರಂತೆ ಡಾಕ್ಟರು. ನಾಲ್ಕು ವರ್ಷದ ಕೂಸು. ನನ್ನನ್ನು ಕಂಡರೆ "ಅಜ್ಜಾ, ಕಲ್ಲ ತಂದಿ?" ಎಂದು ಜೇಬಿಗೆ ಕೈ ಹಾಕುತ್ತಿದ್ದಳು.

ನೀನು ಕೇಳಿದ್ದು ಇದು: "ಅಪ್ಪಾ, ದಸರಾದಾಗ ನಮ್ಮ ಅಂಗಳದ ಮಣ್ಣು ಒಯ್ದಿದ್ರಲ್ಲಾ, ನಿಮ್ಮ ಲ್ಯಾಬಿನ್ಯಾಗ ಏನ ಬಂತು?" ನಾನು "ಮಷೀನ ಕೆಟ್ಟಿತ್ತವ್ವಾ" ಎಂದುಬಿಟ್ಟೆ. ಅದು ಸುಳ್ಳು.

ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಇಪ್ಪತ್ತಾರು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಮಣ್ಣನ್ನೋ ಕಲ್ಲನ್ನೋ ಅಕೀಕ ಕಲ್ಲಿನ ಖಲಬತ್ತಿನ ಕುಳಿಯಲ್ಲಿ ಮೈದಾಹಿಟ್ಟಿನಂತೆ ಅರೆದು, ಬಿಲ್ಲೆ ಒತ್ತಿ, ಎಕ್ಸ್‌ರೇ ಯಂತ್ರಕ್ಕೆ ಕೊಡುವುದು. ಯಾವ ಧಾತು ಎಷ್ಟಿದೆಯೆಂದು ಯಂತ್ರ ಹೇಳುತ್ತದೆ. ಕಬ್ಬಿಣದ ಖಲಬತ್ತು ಮಣ್ಣಿಗೆ ಕಬ್ಬಿಣ ಬಿಡುತ್ತದೆ. ಅಕೀಕ ಗಟ್ಟಿ ಕಲ್ಲು, ತನ್ನದೇನನ್ನೂ ಬಿಡುವುದಿಲ್ಲ. ಯಂತ್ರ ಸಾಹೇಬರದು, ಖಲಬತ್ತು ಮಾತ್ರ ನನ್ನದು.

೨೦೨೨ರ ಖಂಡೇನವಮಿಗೆ ಎಲ್ಲ ಹತಾರಗಳ ಪೂಜೆ ಮಾಡಿ, ಖಲಬತ್ತಿಗೂ ಮಾರುತಿಗೆ ಹಚ್ಚುವ ಸಿಂಧೂರ ಹಚ್ಚಿದ್ದೆ. ಸಿಂಧೂರದಲ್ಲಿ ಸೀಸವಿರುತ್ತದೆಂದು ನನಗೇನು ಗೊತ್ತು? ಒರೆಸಿಯೇ ಅರೆದೆ. ಆದರೂ ಹರಿಪುರದ ನದಿಮಣ್ಣಿನಲ್ಲಿ ಸೀಸವೇ ಸೀಸ ಬಂತು. ಪಿಎಚ್‌ಡಿ ಮಾಡುವ ಮೃಣಾಲಳ ಮೂರು ತಿಂಗಳ ದುಡಿಮೆ ನೀರುಪಾಲಾಯಿತು. ಬೈಸಿಕೊಳ್ಳುವ ಹೆದರಿಕೆಗೆ ನಾನು ಏನೂ ಹಚ್ಚಿಲ್ಲವೆಂದು ವಾದಿಸಿದೆ. ವಿಭಾಗದ ಮುಖ್ಯಸ್ಥ ಹರ್ಷದ ಸರ್ ಎಲ್ಲರೆದುರು ಖಲಬತ್ತಿನ ಅಂಚನ್ನು ಹತ್ತಿಯಿಂದ ಒರೆಸಿ ಕೆಂಪು ತೋರಿಸಿದರು. ಅಂದಿನಿಂದ ಹುಡುಗರಿಗೆಲ್ಲ ನಾನು ಶೇಂದೂರಕಾಕಾ.

ಕಳೆದ ದಸರೆಗೆ ಮೃಣಾಲ ಬೇರೆಬೇರೆ ಕಡೆಯ ಮಣ್ಣು ಬೇಕೆಂದಳು. ನಿಮ್ಮ ಅಂಗಳದ್ದು ಒಂದು ಹಿಡಿ ಒಯ್ದೆ. ಗೋಡೆಯಾಚೆ ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್ಡಿರುವುದು ನನ್ನ ಲಕ್ಷ್ಯಕ್ಕೇ ಬರಲಿಲ್ಲ. ಖಂಡೇನವಮಿಯಾಗಿ ಎರಡು ದಿನಕ್ಕೆ ಅರೆದು ಕೊಟ್ಟೆ. ಸೀಸದ ಅಂಕಿ ನೋಡಿ ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಕಾಕಾ, ಖರೇ ಹೇಳ್ರಿ. ಈ ಸಲಾನೂ ಹಚ್ಚೀರೇನು?"

"ಹೂನವ್ವಾ, ಹಚ್ಚೀನಿ. ತಪ್ಪಾತು" ಎಂದೆ.

ಹರ್ಷದ ಸರ್ ಮರಾಠಿಯಲ್ಲಿ ಏನೋ ಚೇಷ್ಟೆ ಮಾಡಿ ನಕ್ಕು, ದಾಖಲೆಯ ವಹಿಯಲ್ಲಿ ಆ ಸಾಲಿನ ಮೇಲೆ ಗೀಟು ಎಳೆದರು. ಬಿಲ್ಲೆ ಕಸದ ಬುಟ್ಟಿಗೆ ಹೋಯಿತು. ಇನ್ನೊಂದು ಹಿಡಿ ಮಣ್ಣು ತರ್ರಿ ಎಂದಳು ಮೃಣಾಲ. ನಾನು ಬೇಡಗದ ಹೊಲದಿಂದ ತಂದುಕೊಟ್ಟೆ, ನಿಮ್ಮ ಅಂಗಳದ್ದಲ್ಲ. ಬೇಡಗದ ಮಣ್ಣು ಶುದ್ಧ ಬಂತು, ಆ ಮಾತು ಅಲ್ಲಿಗೇ ಮುಗಿಯಿತು.

ಒಂಬತ್ತು ತಿಂಗಳು, ಕಾಂಚನ.

ಆ ಬಾಡಿಗೆಮನೆಗೆ ಇನ್ನು ಕಾಲಿಡಬೇಡ. ಸುಮನಳ ಹಾಸಿಗೆ, ಆಟಿಕೆ ಯಾವುದನ್ನೂ ತರಬೇಡ, ಎಲ್ಲ ಹೊಸದು ಕೊಡಿಸೋಣ. ಮೃಣಾಲ ನಾಳೆ ತಾನೇ ಬಂದು ಮಣ್ಣು ಒಯ್ಯುತ್ತಾಳೆ, ಡಾಕ್ಟರಿಗೂ ಕಾಗದ ಬರೆದುಕೊಡುತ್ತಾಳೆ. ನೀನು ಎರಡು ತುತ್ತು ಉಣ್ಣು. ನನ್ನ ಉಳಿದ ಆಯುಷ್ಯ ನನ್ನ ಮೊಮ್ಮಗಳಿಗೆ ಹತ್ತಲಿ, ನಿನ್ನ ಮಡಿಲು ತಣ್ಣಗಿರಲಿ.

ನಿನ್ನ ಅಪ್ಪ,
ಮಾರೆಪ್ಪ

ತಾ.ಕ.: ಪಾಕೀಟು ಅಂಟಿಸಿದವನು ಮತ್ತೆ ಹರಿದೆ. ಆ ಸಲ ನಾನು ಸಿಂಧೂರ ಹಚ್ಚಿರಲೇ ಇಲ್ಲ. ಖಲಬತ್ತನ್ನು ಮೂರು ಸಲ ತೊಳೆದು ಕಪಾಟಿನಲ್ಲಿಟ್ಟು, ದೂರದಿಂದಲೇ ಕೈಮುಗಿದಿದ್ದೆ. ಇಲ್ಲವೆಂದರೆ ಯಾರು ನಂಬುತ್ತಾರೆ, ಮತ್ತೆ ಎಲ್ಲರೆದುರು ಮಾನ ಹೋಗುತ್ತದೆಂದು ಹೂನವ್ವಾ ಅಂದೆ. ಮಣ್ಣಿನಲ್ಲೇ ಸೀಸವಿದೆಯೆಂದು ಆ ಕೋಣೆಯಲ್ಲಿ ತಿಳಿದಿದ್ದವನು ನಾನೊಬ್ಬನೇ. ತಿಳಿದೂ ತಿಳಿಯದವನಂತೆ ಆ ಸಂಜೆ ನಿಮ್ಮ ಮನೆಗೆ ಬಂದು ಚಹಾ ಕುಡಿದೆ. ಸುಮನ ಅಂಗಳದಲ್ಲಿ ಕುಳಿತು ಮಣ್ಣು ಬಾಯಿಗೆ ಹಾಕಿಕೊಂಡಳು. ನೀನು ಹೊಡೆಯಲು ಹೋದೆ. "ಬಿಡವ್ವಾ, ಮಣ್ಣ ತಿಂದ ಕೂಸು ಗಟ್ಟಿ ಆಗತೈತಿ" ಎಂದು ನಾನೇ ನಿನ್ನ ಕೈ ಹಿಡಿದೆ.