ಸರಿಪಡಿಸಿದ ಮತ

ಸ್ಟ್ರಾಸ್‌ಬರ್ಗ್, ಫೆಬ್ರವರಿ 12, ಗುರುವಾರ. ಮಧ್ಯಾಹ್ನ 2

ಇದನ್ನು ಈ ಪುಸ್ತಕದಲ್ಲೂ ಬರೆಯುವುದು ಬೇಡವೆಂದುಕೊಂಡಿದ್ದೆ. ಒಂಬತ್ತು ತಿಂಗಳು ಬರೆಯಲೂ ಇಲ್ಲ. ಕಳೆದ ಮೇ ತಿಂಗಳ ಪುಟಗಳಲ್ಲಿ ರೈಲು ತಡವಾದದ್ದಿದೆ, ನೆಗಡಿಯಿದೆ. ಅದಿಲ್ಲ.

ತಪ್ಪು ಬಟನ್ ಒತ್ತಿದೆ.

ಕಡತಗಳ ಪೆಟ್ಟಿಗೆ ತುಂಬಿ ಕಚೇರಿಯ ಬಾಗಿಲ ಹೊರಗಿಟ್ಟಾಯಿತು. ಸಂಸತ್ತು ಎರಡು ಊರುಗಳಲ್ಲಿ ಕೂರುತ್ತದಲ್ಲ, ಸಂಜೆ ಲಾರಿ ಬ್ರಸೆಲ್ಸಿಗೆ ಒಯ್ಯುತ್ತದೆ, ಮುಂದಿನ ತಿಂಗಳು ಮತ್ತೆ ಇಲ್ಲಿಗೆ ತರುತ್ತದೆ. ಒಂದೂವರೆ ವರ್ಷದಿಂದ ಆ ತಗಡಿನ ಪೆಟ್ಟಿಗೆಯೂ ನಾನೂ ಹೀಗೆ. ಮೂವತ್ತಕ್ಕೆ ಪುರಸಭೆ ಸದಸ್ಯೆ, ಮೂವತ್ತಾರಕ್ಕೆ ಮೇಯರ್, ನಲವತ್ತಾರಕ್ಕೆ ಯುರೋಪಿನ ಸಂಸತ್ತು. ಕೇಳಲು ಮೆಟ್ಟಿಲಿನಂತಿದೆ. ಹತ್ತಿದ್ದು ನೆನಪಿಲ್ಲ, ಕಾಲುನೋವು ಮಾತ್ರ ಇದೆ.

ಮೇ ತಿಂಗಳ ಆ ದಿನ ಎರಡು ತಾಸು ಸತತ ಮತದಾನ. 47ನೇ ತಿದ್ದುಪಡಿ ನಮ್ಮದು — ಸಣ್ಣ ದೋಣಿಗಳ ಹಳೆಯ ಎಂಜಿನ್ ಬದಲಿಸಲು ನೆರವು. ನಾನೇ ಓಡಾಡಿ ಸಹಿ ಕೂಡಿಸಿ ತಂದದ್ದು. ‘ಇನ್ನೇನು ನಮ್ಮದು’ ಎಂದು ಊರಿನ ಫಾಂಚ್‌ಗೆ ಮೆಸೇಜ್ ಟೈಪ್ ಮಾಡುತ್ತಿದ್ದೆ. ತಲೆ ಎತ್ತಿದಾಗ ಇನ್ನೂ 46 ನಡೆಯುತ್ತಿದೆ ಅಂದುಕೊಂಡೆ. ಅದಕ್ಕೆ ‘ವಿರುದ್ಧ’ ಒತ್ತಬೇಕಿತ್ತು. ಒತ್ತಿದೆ. ಪರದೆಯ ಮೇಲೆ 47 ಎಂದಿತ್ತು.

ಪರ 311, ವಿರುದ್ಧ 312. ನನ್ನದು ಸರಿಯಿದ್ದಿದ್ದರೆ ಅವೇ ಅಂಕಿಗಳು ತಿರುವುಮುರುವು.

ಮತ ಸರಿಪಡಿಸಲು ಅವಕಾಶವಿದೆ. ಕೇಳಿಕೊಂಡೆ. ನಡಾವಳಿಯಲ್ಲಿ ನನ್ನ ಹೆಸರು ‘ಪರ’ದ ಕಡೆ ಬಂತು. ಫಲಿತಾಂಶ ಮಾತ್ರ ಬದಲಾಗುವುದಿಲ್ಲ — ನಿಯಮ.

ಪೋರ್-ಕೆರ್ವೆಲ್, ಫೆಬ್ರವರಿ 14, ಶನಿವಾರ

ಊರು. ಬಂದರಿನ ಕೆಫೆಯಲ್ಲಿ ಪುರಸಭೆ ಚುನಾವಣೆಯ ಮಾತು. ಮಾರ್ಚಿನಲ್ಲಿ ಮತ್ತೆ ನಾನೇ ನಿಲ್ಲಬೇಕಂತೆ. ಗೆದ್ದರೆ ಯುರೋಪ್ ಬಿಡಬೇಕು, ಎರಡೂ ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ. ಬಿಡಲು ಬೇಜಾರಿಲ್ಲ.

ಫಾಂಚ್ ಅಪ್ಪನ ಜೊತೆ ಮೀನು ಹಿಡಿದವರು. ನಾನು ಮೇಯರ್ ಆಗಿದ್ದಷ್ಟು ವರ್ಷವೂ ಬಂದರಿನ ಜನರನ್ನು ನನ್ನ ಹಿಂದೆ ನಿಲ್ಲಿಸಿದವರು.

“ಬಂದ್ಯಾ ಯುರೋಪಮ್ಮ? ಏನ್ ತಿನ್ನಿಸ್ತಾರೆ ನಿಂಗಲ್ಲಿ, ಬರೀ ಕಾಗದಾನಾ? ಸೊರಗಿ ಕಡ್ಡಿ ಆಗಿದೀಯ.”

“ಅಲ್ಲಿ ನಮ್ಮೂರ ಥರ ಬೆಣ್ಣೆಗೆ ಉಪ್ಪೇ ಹಾಕಲ್ಲ ಫಾಂಚ್, ಏನು ತಿನ್ನೋದು?”

“ಥೂ! ಅದಕ್ಕೇ ಅವ್ರ ಕಾನೂನೂ ಸಪ್ಪೆ.”

ಅವರ ದೋಣಿ ‘ಗ್ವೆನೋಲಾ’ದ ಎಂಜಿನ್ ಬೇಸಿಗೆಯಲ್ಲಿ ಕೆಟ್ಟಿತು. ನೆರವಿಲ್ಲ. ನವೆಂಬರಿನಲ್ಲಿ ‘ಗ್ವೆನೋಲಾ’ವನ್ನು ಒಡೆಯಲು ಕೊಟ್ಟರು, ಕ್ರೇನು ಕಚ್ಚಿ ಮುರಿಯುವುದನ್ನು ನಿಂತು ನೋಡಿದರಂತೆ. ಈಗ ಬೇರೆಯವರು ಹಿಡಿದ ಏಡಿ ತೂಗುತ್ತಾರೆ. ದೋಣಿಯ ಹೆಸರಿನ ಹಲಗೆ ಕೆಫೆಯ ಗೋಡೆಯಲ್ಲಿದೆ. ಪಕ್ಕದಲ್ಲೇ ಸಂಸತ್ತಿನ ನಡಾವಳಿಯ ಒಂದು ಹಾಳೆ: ‘47, ಪರ’, ನನ್ನ ಹೆಸರಿನ ಕೆಳಗೆ ಕೆಂಪು ಗೆರೆ.

ಮತದಾನದ ಮರುದಿನ ನಾನೇ ಅವರಿಗೆ ಕಳಿಸಿದ್ದು. ‘ಸರಿಪಡಿಸಿದ ಮತಗಳು’ ಎಂಬ ತಲೆಬರಹ ಕಾಣದಂತೆ ಕತ್ತರಿಸಿದ್ದೂ ನಾನೇ. ಬೆರಳು ಆ ದಿನ ತಪ್ಪಿತು, ಸರಿ. ಕತ್ತರಿಸುವಾಗ ತಪ್ಪಲಿಲ್ಲ.

ಚುನಾವಣೆಯಲ್ಲಿ ನನ್ನ ಎದುರು ನಿಲ್ಲುವ ನಿವೃತ್ತ ದಂತವೈದ್ಯರು, ಪ್ಯಾರಿಸಿನವರು, ಪಕ್ಕದ ಮೇಜಿನಲ್ಲಿದ್ದರು. “ಒಂದೇ ಒಂದು ಮತದಲ್ಲಿ ಹೋಯ್ತಂತೆ, ಪಾಪ,” ಅಂದರು.

ಫಾಂಚ್ ತಿರುಗಿದರು. “ಆ ಒಬ್ಬ ಸಿಗ್ಲಿ ಡಾಕ್ಟ್ರೇ. ಬೈಯಲ್ಲ, ಹೊಡೆಯಲ್ಲ. ಎದುರಿಗೆ ಕೂರಿಸ್ಕೊಂಡು ಒಂದೇ ಕೇಳ್ತೀನಿ, ಯಾಕಪ್ಪಾ ಅಂತ.”

ಬಾಯಿ ತೆರೆದೆ. “ಇನ್ನೊಂದು ಕಾಫಿ,” ಅಂದೆ.

ಫೆಬ್ರವರಿ 15, ಭಾನುವಾರ. ಬೆಳಗ್ಗೆ 10

ಸ್ವಾಜಿಕ್ ಬಂದಿದ್ದಳು. ನನ್ನ ಕಾಲದಲ್ಲಿ ಪುರಸಭೆಯ ಕಚೇರಿ ನಡೆಸಿದವಳು, ಈಗ ನಿವೃತ್ತೆ. ನಮ್ಮ ಕಡೆಯ ಅಭ್ಯರ್ಥಿಗಳ ಪಟ್ಟಿ ತಂದಿದ್ದಳು — ಹತ್ತೊಂಬತ್ತು ಹೆಸರು. ಮೊದಲು ನಾನು, ಎರಡನೆಯವರು ಫಾಂಚ್.

“ಇದನ್ನ ಕೊಡೋಕೆ ಕೊನೆ ಗಳಿಗೆ 26, ಗುರುವಾರ, ಸಂಜೆ ಆರು ಗಂಟೆ. ಆಮೇಲೆ ದೇವರೇ ಬಂದ್ರೂ ಒಂದು ಹೆಸರು ತೆಗೆಯೋಕಾಗಲ್ಲ ಮೇಡಂ.” ಪೆನ್ನಿನ ಮುಚ್ಚಳ ಹಾಕಿದಳು. “ಕೆಫೆಯಲ್ಲಿರೋ ಹಾಳೆ ಮೇಲ್ಗಡೆ ಏನಿತ್ತು ಅಂತ ನಂಗೊತ್ತು. ಮೂವತ್ತು ವರ್ಷ ನಡಾವಳಿ ಬರೆದೋಳು ನಾನು.”

“ಗೊತ್ತಿದ್ದೂ ಸುಮ್ನಿದ್ಯಾ?”

“ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ. ಇಷ್ಟು ದಿನ ಆಯ್ತಲ್ಲ, 27ಕ್ಕೆ ಹೇಳಿ. ಫಾಂಚ್ ಹೋದ್ರೆ ಬಂದರು ಹೋಗುತ್ತೆ. ಬಂದರು ಹೋದ್ರೆ ಡಾಕ್ಟ್ರೇ ಮೇಯರ್.”

ಅವಳ ಲೆಕ್ಕದಲ್ಲಿ ತಪ್ಪಿಲ್ಲ. ಅದೇ ಸುಸ್ತು ತರಿಸುತ್ತದೆ.

ಬ್ರಸೆಲ್ಸ್, ಫೆಬ್ರವರಿ 18, ಬುಧವಾರ

27ಕ್ಕೆ ಹೇಳಬಹುದು. ಹೇಳಿದಂತೆಯೇ ಆಗುತ್ತದೆ. ಊರಿಗೂ ಒಳ್ಳೆಯದು... ಊರಿಗೋ? ನನಗೆ ಮನೆಗೆ ಹೋಗಬೇಕಾಗಿದೆ, ಅಷ್ಟೇ ಇರಬಹುದು. ಅದಕ್ಕೆ ಇನ್ನೊಮ್ಮೆ ಫಾಂಚ್ ಬೇಕು. ಅವರ ದೋಣಿ ಆಯಿತು, ಈಗ ಅವರ ಹೆಸರು.

ಪೆಟ್ಟಿಗೆ ಬಂದಿದೆ. ತೆರೆಯಲಿಲ್ಲ.

ಫೆಬ್ರವರಿ 20, ಶುಕ್ರವಾರ. ರೈಲಿನಲ್ಲಿ, ಸಂಜೆ 5

ಪತ್ರ ಮುಗಿಯಿತು. ಒಂದೂವರೆ ಪುಟ. ಬಟನ್ನಿಗೆ ನಾಲ್ಕು ಸಾಲು, ಕತ್ತರಿಸಿದ್ದಕ್ಕೆ ಉಳಿದದ್ದೆಲ್ಲ. ‘ಯಾಕಪ್ಪಾ’ ಅಂತ ನೀವು ಕೇಳಬೇಕೆಂದಿದ್ದ ಆ ಒಬ್ಬಳು ನಾನೇ ಎಂದು ಬರೆದೆ. ಕ್ಷಮಿಸಿ ಎಂದು ಮೂರು ಸಲ ಬಂದಿತ್ತು, ಎರಡನ್ನು ತೆಗೆದೆ. ಪಟ್ಟಿಯಲ್ಲಿ ಉಳಿಯಿರಿ ಎಂದು ಕೇಳಿಲ್ಲ.

ಎದುರಿಗೆ ಹೋದರೆ ಮತ್ತೆ ಕಾಫಿ ಕೇಳಿ ಬರುತ್ತೇನೆ. ಅವರೂ ನನ್ನ ಮುಂದೆ ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಕೂರಬೇಕಾಗುತ್ತದೆ. ಕನ್ನಡಕ ಹಾಕಿಕೊಂಡು ಒಬ್ಬರೇ ಓದಲಿ.

ಊರೊಳಗಿನ ಪತ್ರಕ್ಕೂ ಅಂಚೆಗೆ ಮೂರು ದಿನ. ಸೋಮವಾರ ಹಾಕಿದರೆ ಗುರುವಾರ. ಆರು ಗಂಟೆಯೊಳಗೆ ಸಿಕ್ಕರೆ ಸಿಕ್ಕಿತು. ನಾಳೆ ಹಾಕಿದರೆ ಮಂಗಳವಾರ. ಹೆಸರು ವಾಪಸ್ ಪಡೆಯಲು ಅವರಿಗೆ ಪೂರ್ತಿ ಎರಡು ದಿನ.

ಪತ್ರದ ತಲೆಯಲ್ಲಿ 23 ಎಂದು ಬರೆದಿದ್ದೆ. ಹೊಡೆದುಹಾಕಿದೆ. ಹೊಸ ಹಾಳೆ ತೆಗೆಯುವುದಿಲ್ಲ, ಹೊಡೆದದ್ದು ಕಾಣಲಿ. ಬಂದರಿನ ಅಂಚೆಡಬ್ಬಿ ಹನ್ನೊಂದಕ್ಕೆ ತೆರೆಯುತ್ತಾರೆ. 23ರ ಪಕ್ಕದಲ್ಲಿ ಬರೆದೆ: ಶನಿವಾರ, ಫೆಬ್ರವರಿ 21 —