ಅಗಸಿಯ ಮೂರನೆಯ ಹಗೇವು

ಕರಿಬನ್ನಿಹಾಳ
ಸುಡುತಿಂಗಳ ಒಂಬತ್ತನೆಯ ದಿನ, ೨೨೩೪

ನಮ್ಮ ಊರಿನ ಹಿಂದಿನವರಿಗೆ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕಾಗುಣಿತವೂ ತಪ್ಪಿರುತ್ತದೆ, ಕ್ಷಮಿಸಿರಿ. ನಾಲ್ಕನೆಯ ಇಯತ್ತೆಗೇ ನನ್ನ ಶಾಲೆ ಬಿಡಿಸಿದರು. ಹೆಸರು ಕೆಂಚವ್ವ. ಮಂದಿಯ ಮುಂದೆ ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೇಲಿನ ತಾರೀಖು ನಿಮಗೆ ವಿಚಿತ್ರ ಕಾಣಬಹುದು. ನಿಮಗೆ ಹನ್ನೆರಡು ತಿಂಗಳು ಸಾಕಾಗಿದ್ದವು. ನಮಗೆ ಚೈತ್ರಕ್ಕೂ ವೈಶಾಖಕ್ಕೂ ನಡುವೆ ಇನ್ನೊಂದಿದೆ. ಹೊತ್ತು ಏರಿದ ಮೇಲೆ ಹೊಸ್ತಿಲು ದಾಟಬಾರದ ಆ ದಿನಗಳಿಗೆ ಸುಡುತಿಂಗಳು ಎನ್ನುತ್ತೇವೆ.

ಊರು ನೀವು ಬಿಟ್ಟಲ್ಲಿಯೇ ಇದೆ. ಹಳ್ಳದ ಗುರುತು ಇದೆ, ನೀರಿಲ್ಲ. ಜಾಲಿ ಇದೆ, ಬೇವು ಇದೆ. ಎರೆಭೂತ ಎಂಬ ದೊಡ್ಡ ಹಕ್ಕಿ ನಿಮ್ಮ ಹೊಲಗಳಲ್ಲಿ ಓಡಾಡುತ್ತಿತ್ತಂತೆ. ನಮ್ಮಲ್ಲಿ ಅದರ ಹೆಸರು ಮಾತ್ರ ಉಳಿದಿದೆ, ಅಳುವ ಕೂಸುಗಳನ್ನು ಹೆದರಿಸಲು. ಸುಡುತಿಂಗಳಲ್ಲಿ ಕರಿಮಣ್ಣು ಆಳುದ್ದ ಬಾಯಿಬಿಡುತ್ತದೆ. ಮೂರು ವರ್ಷದವರೆಗೆ ಮಕ್ಕಳ ಸೊಂಟಕ್ಕೆ ಕಂಬದಿಂದ ಒಂದು ಹಗ್ಗ ಕಟ್ಟಿರುತ್ತೇವೆ, ಅದಕ್ಕೆ ಬಿರುಕುಹಗ್ಗ ಎಂದು ಹೆಸರು. ಹೋದ ವರ್ಷ ಪಕ್ಕದ ಮನೆಯ ಕರು ಹೊಲದ ಬಿರುಕಿಗೆ ಬಿದ್ದು ಎರಡು ದಿನ ಕೂಗಿತು. ಬಿಸಿಲಿಗೆ ಹೆದರಿ ಯಾರೂ ಹೋಗಲಿಲ್ಲ. ಮೂರನೆಯ ದಿನ ಮನೆಯವರೇ, "ಸದ್ಯ, ಸುಮ್ಮನಾತು" ಎಂದರು.

ಮೇಲೆ ಇಟ್ಟ ಬೀಜ ಈ ಕಾವಿಗೆ ಸತ್ತುಹೋಗುತ್ತದೆ. ಅದಕ್ಕೆ ಬಿತ್ತುವ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತೇವೆ. ನಿಮಗಿಂತ ಹಿಂದಿನವರು ಊರಬಾಗಿಲ ಅಗಸಿಯ ಮುಂದೆ, ಕರಿಮಣ್ಣಿನ ಕೆಳಗಿನ ಗಟ್ಟಿ ಗರಸಿನಲ್ಲಿ, ಏಳು ಹಗೇವು ತೋಡಿದ್ದರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಎರಡಾಳು ಆಳ. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಮೊದಲು ದೀಪ ಇಳಿಸುತ್ತಾರೆ. ದೀಪ ಆರಿದರೆ ಕಾಯಬೇಕು, ಉರಿದರೆ ಒಬ್ಬರು ಇಳಿದು ಕಸ ಹೊಡೆಯಬೇಕು. ಇಳಿದವರು ಹಗ್ಗವನ್ನು ಎರಡು ಸಲ ಜಗ್ಗಿದರೆ ಎಲ್ಲ ಚಲೋ ಇದೆ ಎಂದರ್ಥ, ಬಿಡದೆ ಜಗ್ಗಿದರೆ ಮೇಲಕ್ಕೆ ಎಳೆಯಬೇಕು. ಸರದಿಯಂತೆ ಆಳು ಕಳಿಸುವ ಮನೆಗೆ ಹಗ್ಗದ ಮನೆ ಎನ್ನುತ್ತಾರೆ. ಹಿಂದಿನ ದಿನ ಊರವರು ಆ ಮನೆಗೆ ಹೋಳಿಗೆ ಕೊಡುತ್ತಾರೆ. ಒಲ್ಲೆ ಎಂದ ಮನೆಗೆ ಬೀಜದ ಪಾಲಿಲ್ಲ.

ಹೋದ ವರ್ಷ ಹಗ್ಗದ ಮನೆ ನಮ್ಮದಾಯಿತು. ನಿಮ್ಮ ಕಾಲದಿಂದ ಮುಚ್ಚಿದ್ದ ಮೂರನೆಯ ಹಗೇವಿಗೆ ನನ್ನ ಅಕ್ಕ ಫಕೀರವ್ವ ಇಳಿದಳು. ದೀಪ ಚೆನ್ನಾಗಿ ಉರಿದಿತ್ತು. ಗಂಡಸರು ಹಗ್ಗ ಹಿಡಿದಿದ್ದರು, ತುದಿ ನನ್ನ ಕೈಯಲ್ಲಿತ್ತು. ಹಗ್ಗ ಬಿಡದೆ ಅಲುಗಾಡತೊಡಗಿತು. ಮುಂದೆ ಹಿಡಿದಿದ್ದ ಊರ ಹಿರಿಯ ದ್ಯಾಮಣ್ಣಜ್ಜ ನಕ್ಕ. "ದೀಪ ಉರದೈತಿ, ಇಕಿದೇನ ನಾಟಕ? ಏ ಫಕೀರವ್ವ, ಕುಣೀಬ್ಯಾಡವಾ, ಕಸಾ ಹೊಡಿ!" ಎಂದು ಬಗ್ಗಿ ಕೂಗಿದ. ಎಲ್ಲರೂ ನಕ್ಕರು. ನನ್ನ ಕೈಗೆ ತಿಳಿದಿತ್ತು. ಬಾಯಿ ಬರಲಿಲ್ಲ. ಹಗ್ಗ ಸುಮ್ಮನಾದಾಗ ಅಜ್ಜ, "ನೋಡ್ರಿ, ಬೈದ್ರ ಕೇಳ್ತಾಳ" ಎಂದ.

ಮೇಲೆಳೆದಾಗ ಅವಳ ಮುಷ್ಟಿಯಲ್ಲಿ ಒಂದು ಕೆಂಪು ಮುಚ್ಚಳವಿತ್ತು, ಅದರ ಮೇಲೆ ತಲೆಬುರುಡೆಯ ಚಿತ್ರ. "ಹಳೇ ಕುಂಕುಮದ ಡಬ್ಬಿ ಇರಬೇಕು, ಸಾಯೂ ಮುಂದೂ ಶೃಂಗಾರ ಬಿಡಲಿಲ್ಲ" ಎಂದ ಅಜ್ಜ. ಬೆಳೆಗೆ ಹೊಡೆದು ಉಳಿದ ಔಷಧಿಯ ಡಬ್ಬಿಗಳನ್ನು ನೀವು ಯಾವುದೋ ಹಗೇವಿಗೆ ಸುರಿದಿರಿ ಎಂದು ನಮ್ಮ ಮುದುಕಿಯರು ಹೇಳುತ್ತಿದ್ದರು. "ಇನ್ನ ಇದನ್ನ ಯಾರ ತಗೀತಾರ ಬಿಡ್ರಿ" ಎಂದು ಕಲ್ಲು ಎಳೆದಿರಂತೆ. ಆ ಡಬ್ಬಿಗಳು ಇಷ್ಟು ವರ್ಷ ತಾಳಿ ನಮ್ಮ ಕಾಲಕ್ಕೆ ಒಡೆದವು. ಆ ವಿಷಕ್ಕೆ ದೀಪ ಆರುವುದಿಲ್ಲ.

ಅವಳ ಹೆಣ ಅಗಸಿಯ ಕಟ್ಟೆಯ ಮೇಲಿರುವಾಗಲೇ ದೀಪವನ್ನು ಇನ್ನೊಮ್ಮೆ ಇಳಿಸಿ ನೋಡಿದರು. ಉರಿಯಿತು. "ದೀಪ ಸುಳ್ಳ ಹೇಳಂಗಿಲ್ಲ, ಹುಡುಗಿ ಅಂಜಿ ಸತ್ತಾಳ" ಎಂದು ತೀರ್ಮಾನವಾಯಿತು. ಕಲ್ಲು ಮುಚ್ಚಿ, ಬೀಜವನ್ನು ಆರನೆಯದರಲ್ಲಿ ಇಟ್ಟರು. ಹೋದ ಮಳೆಗಾಲದಲ್ಲಿ ಅದೂ ಕುಸಿಯಿತು, ಉಳಿದವು ಮೊದಲೇ ಬಿದ್ದಿದ್ದವು. ಈಗ ಮೂರನೆಯದೊಂದೇ ಗತಿ. ಅರ್ಧಕ್ಕೆ ನಿಂತ ಕೆಲಸವನ್ನು ಅದೇ ಮನೆ ಮುಗಿಸಬೇಕು ಎನ್ನುವುದು ಪದ್ಧತಿ. ಮನೆಯಲ್ಲಿ ಅವ್ವ ಮತ್ತು ನಾನು. ನಾಳೆ ನಾನು ಇಳಿಯುತ್ತೇನೆ. ಮುಚ್ಚಳ ತೋರಿಸಲು ಹೋಗಿದ್ದೆ. "ಬಾಯಿ ಸತ್ತಾಕಿ ಬಂದಾಳ, ಕೇಳ್ರಪಾ" ಎಂದು ಅಜ್ಜ ಎಲ್ಲರನ್ನೂ ನನ್ನ ಕಡೆ ತಿರುಗಿಸಿದ. ನಾನು ಮುಚ್ಚಳವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಹೋಳಿಗೆಯೂ ಬಂದಿದೆ. ಅವ್ವ ಮುಟ್ಟಿಲ್ಲ.

ನೀವು ಇದನ್ನು ಓದುವ ಹೊತ್ತಿಗೆ ಡಬ್ಬಿಗಳು ಇನ್ನೂ ನಿಮ್ಮ ಕೈಯಲ್ಲಿವೆ. ಹಗೇವಿಗೆ ಹಾಕಬೇಡಿರಿ. ಹಾಕಿಬಿಟ್ಟಿದ್ದರೆ ಅದರ ಬಾಯಿಗೆ ಒಂದು ಕಲ್ಲು ನೆಟ್ಟು, ಮುಚ್ಚಳದ ಮೇಲಿನ ಬುರುಡೆಯನ್ನೇ ಕೆತ್ತಿಸಿರಿ. ಓದು ಬಾರದವರಿಗೂ ತಿಳಿಯುತ್ತದೆ. ಇಷ್ಟೇ ನನ್ನ ಬೇಡಿಕೆ.

ನೀವು ಈ ಕಾಗದ ಓದಿ ಮನಸ್ಸು ಮಾಡಿದ್ದರೆ ಆ ಕಲ್ಲು ಈಗಾಗಲೇ ಅಲ್ಲಿರಬೇಕಿತ್ತು. ಇಂದು ಬೆಳಿಗ್ಗೆ ಹೊತ್ತು ಏರುವ ಮೊದಲೇ ಹೋಗಿ, ಮಣ್ಣು ಸರಿಸಿ ಸುತ್ತಲೂ ನೋಡಿದೆ. ಕಲ್ಲಿಲ್ಲ. ಮನೆಗೆ ಬಂದು ಎತ್ತಿನ ಕೊರಳ ಗಂಟೆ ಬಿಚ್ಚಿ, ನಾಳೆ ಇಳಿಯುವ ಹಗ್ಗದ ಮೇಲಿನ ತುದಿಗೆ ಕಟ್ಟಿದೆ.